ಥರ್ಮಾಮೀಟರ್ ತಿರುಗಿದಲ್ಲಿ ಗಡಿ

ಕೇಳುಗರಿಗೆ ನಮಸ್ಕಾರ. ವಾಯುಮಂಡಲದ ಪದರ ಯಾವುವು ಅಂದರೆ ಮಕ್ಕಳು ಗಿಳಿಪಾಠ ಒಪ್ಪಿಸುತ್ತಾರೆ: ಪರಿವರ್ತನ, ಸಮೋಷ್ಣ, ಮಧ್ಯಂತರ, ಉಷ್ಣತಾ ಮಂಡಲ. ಗಡಿ ಹಾಕಿದ್ದು ಯಾವ ಲೆಕ್ಕದಲ್ಲಿ ಅಂತ ಕೇಳಿ, ಸದ್ದಿಲ್ಲ. ಲೆಕ್ಕ ಒಂದೇ. ಮೇಲೇರುವಾಗ ಥರ್ಮಾಮೀಟರ್ ಎಲ್ಲಿ ದಿಕ್ಕು ಬದಲಿಸುತ್ತದೋ ಅಲ್ಲಿಗೆ ಒಂದು ಪದರ ಮುಗಿಯಿತು.

ನೆಲ ಬಿಟ್ಟು ಮೇಲಕ್ಕೆ ಹೋದರೆ ಕಿಲೋಮೀಟರಿಗೆ ಸುಮಾರು ಆರೂವರೆ ಡಿಗ್ರಿಯಂತೆ ಉಷ್ಣತೆ ಇಳಿಯುತ್ತದೆ. ಕೊನೆತನಕ ಹೀಗೇ ಅಂತಲೇ ಹಿಂದೆ ನಂಬಿದ್ದರು. ಫ್ರಾನ್ಸಿನ ಹವಾಮಾನ ವಿಜ್ಞಾನಿ ಟೆಸರಾಂ ದ ಬೋರ್ ಅವರು ಪ್ಯಾರಿಸ್ ಹತ್ತಿರದ ಟ್ರಾಪ್ ಎಂಬಲ್ಲಿ ಆಳಿಲ್ಲದ ಬಲೂನು ಹಾರಿಸುತ್ತಿದ್ದರು. ಆಗ ರೇಡಿಯೊ ಎಲ್ಲಿತ್ತು? ಉಪಕರಣ ಎಲ್ಲೋ ಬಿದ್ದು, ಯಾರಿಗೋ ಸಿಕ್ಕಿ, ವಾಪಸ್ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಬಂದವುಗಳಲ್ಲಿ ವಿಚಿತ್ರವೊಂದು ಕಂಡಿತು. ಸುಮಾರು 11 ಕಿಲೋಮೀಟರ್ ದಾಟಿದ ಮೇಲೆ ಉಷ್ಣತೆ ಇಳಿಯುವುದೇ ನಿಂತಿದೆ! ಬಿಸಿಲಿಗೆ ಥರ್ಮಾಮೀಟರೇ ಕಾದಿರಬೇಕು ಅಂತ ರಾತ್ರಿ ಹಾರಿಸಿದರು. ಆಗಲೂ ಅದೇ. 200ಕ್ಕೂ ಹೆಚ್ಚು ಬಲೂನು ಬಿಟ್ಟಮೇಲೆ, 1902ರಲ್ಲಿ, ಹೌದು, ಇಲ್ಲೊಂದು ಬೇರೆ ಪದರವಿದೆ ಅಂತ ಸಾರಿದರು. ಉಷ್ಣತೆ ಒಂದೇ ಸಮ ಕಂಡದ್ದರಿಂದ ಮೊದಲು ಇಟ್ಟ ಹೆಸರೂ ಅದೇ ಅರ್ಥದ್ದು. ನಮ್ಮ ಪಠ್ಯಪುಸ್ತಕದ ‘ಸಮೋಷ್ಣ’ವೂ ಅದನ್ನೇ ಹೇಳುತ್ತದೆ. ಇನ್ನೂ ಮೇಲೆ ಹೋದರೆ ಸಮವೇನಿಲ್ಲ ಸ್ವಾಮಿ, ಓಜೋನ್ ಅತಿನೇರಳೆ ಕಿರಣ ಹೀರುವುದರಿಂದ ಉಷ್ಣತೆ ಏರುತ್ತದೆ. ಹೆಸರು ಬಿಡಿ, ಥರ್ಮಾಮೀಟರ್ ನೋಡಿ.

ಈಗಲೂ ಬಲೂನೇ. ಬೆಂಗಳೂರಿನಿಂದಲೂ ಹವಾಮಾನ ಇಲಾಖೆ ಬಿಡುತ್ತದೆ. ರಬ್ಬರ್ ಬಲೂನು, ಉದ್ದನೆಯ ದಾರ, ತುದಿಗೆ ಉಷ್ಣತೆ ಅಳೆದು ರೇಡಿಯೊದಲ್ಲಿ ಕೆಳಗೆ ಕಳಿಸುವ ರೇಡಿಯೊಸೋಂಡ್ ಎಂಬ ಪುಟ್ಟ ಪೆಟ್ಟಿಗೆ. ದಾರ ಗಿಡ್ಡವಾದರೆ ಬಿಸಿಲಿಗೆ ಕಾದ ಬಲೂನಿನ ಶಾಖ ಪೆಟ್ಟಿಗೆಗೆ ತಾಗುತ್ತದೆ. ನಿಮಿಷಕ್ಕೆ ಸುಮಾರು 300 ಮೀಟರ್ ಏರುತ್ತದೆ. ಮೋಡದಲ್ಲಿ ನೆಂದ ಸೆನ್ಸರ್ ಹೊರಗೆ ಬಂದು ಆರುವಾಗ, ಒದ್ದೆ ಬಟ್ಟೆಯಂತೆ ತಣ್ಣಗಾಗಿ ಸುಳ್ಳು ಹೇಳುತ್ತದೆ. ಪೂರ್ತಿ ಆರಿದಾಗ ಉಷ್ಣತೆ ತಟ್ಟನೆ ಏರಿದಂತೆ ಕಾಣುತ್ತದೆ. ಅದನ್ನು ಗಡಿ ಅಂದುಕೊಂಡರೆ ಕೆಟ್ಟಿತು. ನಮ್ಮ ಕಡೆ ನಿಜವಾದ ಗಡಿ 16–17 ಕಿಲೋಮೀಟರ್ ಎತ್ತರದಲ್ಲಿ, ಹತ್ತಿರ ಹತ್ತಿರ ಮೈನಸ್ 80 ಡಿಗ್ರಿಯಲ್ಲಿದೆ.

ಸಮಯವಾಗುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. 50 ಕಿಲೋಮೀಟರಿನಿಂದ ಮತ್ತೆ ಇಳಿಕೆ, ಅದು ಮಧ್ಯಂತರ ಮಂಡಲ. ಅಲ್ಲಿಗೆ ಬಲೂನು ಏರುವುದಿಲ್ಲ, ಉಪಗ್ರಹ ಅಷ್ಟು ಕೆಳಗೆ ಸುತ್ತಲಾರದು. ಅಲ್ಲಿಗೇ ಹೋಗಿ ಅಳೆಯಲು ರಾಕೆಟ್ಟೇ ಬೇಕು, ಇಲ್ಲವೇ ದೂರದಿಂದಲೇ ಅಳೆಯಬೇಕು, ತಿರುಪತಿ ಬಳಿಯ ಗಾದಂಕಿಯಲ್ಲಿರುವ, ಲೇಸರ್ ಬೆಳಕು ಬಿಟ್ಟು ಅಳೆಯುವ ಲಿಡಾರ್‌ನಂತೆ. ಸುಮಾರು 85ರಿಂದಾಚೆ ಮತ್ತೆ ಏರಿಕೆ, ಅದು ಉಷ್ಣತಾ ಮಂಡಲ. ಥರ್ಮಾಮೀಟರ್ ತಿರುಗಿತು, ಪದರ ಬದಲಾಯಿತು, ಅಷ್ಟೇ.

ಅಂದಹಾಗೆ, 30 ಕಿಲೋಮೀಟರ್ ಆಸುಪಾಸಿನಲ್ಲಿ ಹಿಗ್ಗಿ ಒಡೆದ ಬಲೂನು ನಿಮ್ಮ ಹೊಲಕ್ಕೂ ಬಿದ್ದೀತು. ಪೆಟ್ಟಿಗೆ ನೋಡಿ ಬಾಂಬು ಅಂತ ಗಾಬರಿಯಾಗಬೇಡಿ, ಮೇಲಿನ ಚೀಟಿ ಓದಿ. ದಾರ ಕರೆಂಟ್ ತಂತಿಗೆ ಸಿಕ್ಕಿಕೊಂಡಿದ್ದರೆ ಮಾತ್ರ ಎಳೆಯಲು ಹೋಗಬೇಡಿ, ಲೈನ್‌ಮನ್‌ಗೆ ಹೇಳಿ. ನಮಸ್ಕಾರ.