ತಕೇಶಿ ಕಿಟಾನೋ: ಕಾಮಿಡಿ ಟೈಮಿಂಗ್‌ನಿಂದ ಹುಟ್ಟಿದ ಸಿನಿಮಾ

(ಪರದೆ ಮೇಲೆ: ಆಟಗಾರರು ಕೆಸರಿಗೆ ಬೀಳುವ ತುಣುಕು)

ಟಿವಿಯಲ್ಲಿ ಜಪಾನಿನ ಗೇಮ್ ಶೋ ತಕೇಶೀಸ್ ಕ್ಯಾಸಲ್ ನೋಡಿ ಬಿದ್ದು ಬಿದ್ದು ನಕ್ಕವರು ತುಂಬಾ ಜನ ಇದ್ದೀರಿ. ಆ ಕೋಟೆಯ ದೊರೆ ತಕೇಶಿ ಕಿಟಾನೋ. ಅದೇ ಮನುಷ್ಯ 1997ರಲ್ಲಿ ವೆನಿಸ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಗೋಲ್ಡನ್ ಲಯನ್ ಗೆದ್ದರು ಅಂದ್ರೆ ನಂಬೋದು ಕಷ್ಟ, ಅಲ್ವಾ?

ಎಲ್ಲ ಶುರುವಾಗಿದ್ದು ಟೋಕಿಯೋದ ಅಸಾಕುಸಾದಲ್ಲಿ. ಕಾಲೇಜು ಬಿಟ್ಟು ಅಲ್ಲಿನ ಥಿಯೇಟರೊಂದರಲ್ಲಿ ಲಿಫ್ಟ್ ನಡೆಸುವ ಕೆಲಸಕ್ಕೆ ಸೇರಿದರು. ಹಾಸ್ಯನಟ ಸೆನ್ಜಬುರೋ ಫುಕಾಮಿ ಅವರನ್ನು ಗುರುವಾಗಿ ಹಿಡಿದರು. ಆಮೇಲೆ ‘ಟೂ ಬೀಟ್’ ಅನ್ನೋ ಜೋಡಿ. ಇಬ್ಬರು ನಿಂತು ಪಟಪಟನೆ ಮಾತಿಗೆ ಮಾತು ಎಸೆಯುವ ಹಾಸ್ಯ ಅದು. 1980ರ ಹೊತ್ತಿಗೆ ಜಪಾನಿನಲ್ಲಿ ಮನೆಮಾತಾದರು.

1983ರಲ್ಲಿ ನಿರ್ದೇಶಕ ನಾಗಿಸಾ ಒಶಿಮಾ ಅವರ ‘ಮೆರ್ರಿ ಕ್ರಿಸ್ಮಸ್, ಮಿಸ್ಟರ್ ಲಾರೆನ್ಸ್’ ಬಂತು. ಅದರಲ್ಲಿ ಕಿಟಾನೋ ಅವರದು ಯುದ್ಧಕೈದಿಗಳ ಕ್ಯಾಂಪಿನ ಸಾರ್ಜೆಂಟ್ ಪಾತ್ರ, ಗಂಭೀರವಾದದ್ದು. ಜನ ಏನಂತಾರೆ ನೋಡೋಣ ಅಂತ ಕಿಟಾನೋ ಥಿಯೇಟರಿಗೆ ಹೋದರು. ಪರದೆ ಮೇಲೆ ಅವರ ಮುಖ ಕಂಡಿದ್ದೇ ತಡ, ಎಲ್ಲರೂ ನಕ್ಕುಬಿಟ್ಟರು. ನಟನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇಕಾ? ಅಲ್ಲಿಂದ ಹಠ ಹಿಡಿದು ಕೊಲೆಗಾರರ, ಕೆಟ್ಟವರ ಪಾತ್ರಗಳನ್ನೇ ಮಾಡಿದರು.

ನಿರ್ದೇಶನ ತಾನಾಗೇ ಬಂದಿದ್ದು. ‘ವಯಲೆಂಟ್ ಕಾಪ್’ ಚಿತ್ರದಿಂದ ನಿರ್ದೇಶಕ ಕಿಂಜಿ ಫುಕಾಸಾಕು ಹಿಂದೆ ಸರಿದರು. ನಾಯಕ ನಟನಾಗಿದ್ದ ಕಿಟಾನೋ ಹೆಗಲಿಗೆ ಬಿತ್ತು. ಅದು 1989.

ನನಗೆ ತುಂಬಾ ಇಷ್ಟವಾಗೋದು 1993ರ ‘ಸೊನಾಟಿನ್’. ಗ್ಯಾಂಗ್‌ಸ್ಟರುಗಳು ಒಕಿನಾವಾದ ಸಮುದ್ರತೀರದಲ್ಲಿ ಅಡಗಿ ಕೂತಿದ್ದಾರೆ. ಹೊತ್ತು ಹೋಗದೆ ಕಾಗದದ ಸುಮೋ ಬೊಂಬೆ ಆಡಿಸ್ತಾರೆ. ಆಮೇಲೆ ತಾವೇ ಆ ಬೊಂಬೆಗಳ ಹಾಗೆ ಮರಳಲ್ಲಿ ಕುಣೀತಾರೆ. ಗುಂಡು ಹಾರುವಾಗ ನೋಡಿ: ಯಾರೂ ಓಡೋದಿಲ್ಲ, ಅವಿತುಕೊಳ್ಳೋದಿಲ್ಲ. ನಿಂತಲ್ಲೇ ನಿಂತು ಹೊಡೀತಾರೆ. ಎಷ್ಟು ಹೊತ್ತು ಸುಮ್ನಿರಬೇಕು, ಯಾವಾಗ ಹೊಡೆಯಬೇಕು ಅನ್ನೋದು ಜೋಕ್ ಹೇಳುವವರ ಲೆಕ್ಕ. ಕಿಟಾನೋ ಅದೇ ಲೆಕ್ಕದಲ್ಲಿ ಸಾವನ್ನೂ ತೋರಿಸ್ತಾರೆ. ಎಡಿಟಿಂಗ್ ಕೂಡ ಅವರದೇ. ಅಲ್ಲಿ ಬೇರೆ ಕೈ ಇದ್ದಿದ್ದರೆ ಆ ಮೌನ ಖಂಡಿತ ಉಳೀತಿರಲಿಲ್ಲ.

1994ರಲ್ಲಿ ಸ್ಕೂಟರ್ ಅಪಘಾತ. ಮುಖದ ಒಂದು ಭಾಗ ಸ್ವಾಧೀನ ತಪ್ಪಿತು. ಚೇತರಿಸಿಕೊಳ್ಳುವಾಗ ಕುಂಚ ಹಿಡಿದರು. ಅವರ ‘ಹನಾ-ಬಿ’ ಚಿತ್ರದಲ್ಲಿ ಗುಂಡೇಟು ತಿಂದು ಗಾಲಿಕುರ್ಚಿ ಸೇರಿದ ಪೊಲೀಸನೊಬ್ಬ ಚಿತ್ರ ಬಿಡಿಸ್ತಾನೆ. ಹೂವಿನ ತಲೆಯ ಪ್ರಾಣಿಗಳು! ಅವೆಲ್ಲ ಕಿಟಾನೋ ಬರೆದವೇ. ಗೋಲ್ಡನ್ ಲಯನ್ ಬಂದಿದ್ದು ಇದಕ್ಕೇ. ಅವರದೇ ಕಂಪನಿ ಆಫೀಸ್ ಕಿಟಾನೋ ಕೂಡ ಇದರ ನಿರ್ಮಾಣದಲ್ಲಿತ್ತು.

ಇವರ ಚಿತ್ರ ಹೊಸದಾಗಿ ನೋಡೋರು ‘ಹನಾ-ಬಿ’ಯಿಂದಲೇ ಶುರು ಮಾಡಿ. ಟೈಟಲ್ ಕಾರ್ಡ್ ಗಮನಿಸಿ: ನಟನ ಹೆಸರು ಬೀಟ್ ತಕೇಶಿ, ನಿರ್ದೇಶಕನ ಹೆಸರು ತಕೇಶಿ ಕಿಟಾನೋ. ಕಾಮಿಡಿ ದಿನಗಳ ಆ ‘ಬೀಟ್’ ಅನ್ನು ಅವರು ಕೈಬಿಡಲೇ ಇಲ್ಲ.