ಒಂದು ಪದದ ಡೊಮೇನ್ ಎಷ್ಟಕ್ಕೆ ಹೋಗುತ್ತೆ?

ಕೇಳುಗರಿಗೆ ನಮಸ್ಕಾರ. ಡೊಮೇನ್ ಅಂದ್ರೆ ಡಾಟ್ ಕಾಮ್, ಡಾಟ್ ಇನ್ ಅಂತೆಲ್ಲ ಮುಗಿಯುತ್ತಲ್ಲ, ಆ ವೆಬ್‌ಸೈಟ್ ಹೆಸರು. ಒಂದೇ ಪದದ್ದು ನಿಮ್ಮ ಹತ್ರ ಇದ್ರೆ ಎಷ್ಟಕ್ಕೆ ಮಾರಬಹುದು? ಆ ಹೆಸರು ಬೇಕು ಅನ್ನೋ ದುಡ್ಡಿರೋ ಗಿರಾಕಿಗಳು ಎಷ್ಟು ಜನ ಇದಾರೆ ಎಣಿಸಿ. ಅಷ್ಟೇ ರೀ.

ಹೋದ ತಿಂಗಳು ನಮ್ಮ ಬೀದಿ ಹುಡುಗ ಒಬ್ಬ ಮೊಬೈಲ್ ಹಿಡ್ಕೊಂಡು ಓಡಿ ಬಂದ, ಸಾರ್ ಊಟ ಅನ್ನೋ ಹೆಸರು ತಗೊಂಡಿದೀನಿ, ಆನ್‌ಲೈನಲ್ಲಿ ಬೆಲೆ ಲೆಕ್ಕ ಹಾಕಿದ್ರೆ ನಾಲ್ಕು ಲಕ್ಷ ತೋರಿಸ್ತಿದೆ ಅಂತ. ಸರಿ ಕಣಪ್ಪ, ನಿಮ್ಮಮ್ಮನಿಗೆ ಫೋನ್ ಮಾಡಿ ಬರೀ ಹೆಸರು ಹೇಳು, ಟೈಪ್ ಮಾಡಿ ಕಳಿಸ್ಲಿ ಅಂದೆ. ಅವರು ಎರಡು ಓ ಹಾಕಿದ್ರು, ಅವನಕ್ಕ ಒಂದೇ ಯು ಹಾಕಿದ್ಲು, ಇವನು ದುಡ್ಡು ಕಟ್ಟಿದ್ದು ಎರಡು ಯು ಇರೋದಕ್ಕೆ, ಅದೂ ಡಾಟ್ ಕಾಮ್ ಅಲ್ಲ! ಇದಕ್ಕೆ ನಮ್ಮ ಲೈನಲ್ಲಿ ರೇಡಿಯೋ ಟೆಸ್ಟ್ ಅಂತಾನೇ ಹೆಸರು, ಕಿವಿಗೆ ಬಿದ್ದಿದ್ದನ್ನ ಸ್ಪೆಲ್ಲಿಂಗ್ ಕೇಳದೆ ಟೈಪ್ ಮಾಡೋ ಹಾಗಿರಬೇಕು. ಆ ನಾಲ್ಕು ಲಕ್ಷ ಹೇಳಿದ್ದು ಮೆಷಿನ್, ಮೆಷಿನ್ ಚೆಕ್ ಬರ್ಕೊಡಲ್ಲ, ಗಿರಾಕಿ ಬರ್ಕೊಡ್ಬೇಕು. ಹುಡುಗನ ಮುಖ ಸಪ್ಪಗಾಯ್ತು, ಕಾಫಿ ಕೊಟ್ಟು ಕಳಿಸಿದೆ.

ಈಗ ವಾಯ್ಸ್ ಡಾಟ್ ಕಾಮ್ ನೋಡಿ. ಅಮೆರಿಕದ ಮೈಕ್ರೋಸ್ಟ್ರಾಟಜಿ ಕಂಪನಿ 2019ರಲ್ಲಿ ಅದನ್ನ 3 ಕೋಟಿ ಡಾಲರ್‌ಗೆ ಮಾರ್ತು, ಆಗಿನ ಲೆಕ್ಕದಲ್ಲಿ 200 ಕೋಟಿ ರೂಪಾಯಿಗೂ ಮೇಲೆ, ಬರೀ ಹೆಸರಿಗೆ! ತಗೊಂಡ ಬ್ಲಾಕ್ ಡಾಟ್ ಒನ್ ಅನ್ನೋರು ವಾಯ್ಸ್ ಅಂತಾನೇ ಸೋಷಿಯಲ್ ಮೀಡಿಯಾ ಶುರು ಮಾಡೋಕೆ ಹೊರಟಿದ್ರು, ಅವರಿಗೆ ಅದೇ ಪದ ಬೇಕಿತ್ತು. ಅವರಲ್ದೆ ಫೋನ್ ಕಂಪನಿ, ಪತ್ರಿಕೆ, ಹಾಡಿನ ಆಪ್, ಯಾರಿಗೆ ಬೇಕಾದ್ರೂ ಒಪ್ಪೋ ಪದ ಅದು. ಡಿಕ್ಷನರಿಯಲ್ಲಿದೆ ಅಂತ ಬೆಲೆ ಬರಲ್ಲ, ಒನಕೇನೂ ಡಿಕ್ಷನರಿಯಲ್ಲಿದೆ, ಗಿರಾಕಿ ಎಲ್ಲಿದಾನೆ? ಲೋನ್, ಹೋಟೆಲ್ ಅಂದ್ರೆ ಬೀದಿಗೊಬ್ಬ ಸಿಗ್ತಾನೆ. ಎಣಿಸಿ ಅಂದಿದ್ದು ಅದಕ್ಕೇ.

ಗಾಜಿನ ಆಚೆ ಟೈಮಾಯ್ತು ಅಂತ ಕೈ ತೋರಿಸ್ತಿದಾರೆ, ಬೇಗ ಹೇಳ್ಬಿಡ್ತೀನಿ. ಅದೇ ಥರದ ಹೆಸರುಗಳು ಹಿಂದೆ ಎಷ್ಟಕ್ಕೆ ಹೋಗಿವೆ ನೋಡಿ, ಡಾಟ್ ಕಾಮ್ ರೇಟನ್ನ ಡಾಟ್ ಇನ್ ಥರದ ಬೇರೆ ಎಕ್ಸ್‌ಟೆನ್ಷನ್‌ಗೆ ಹಾಕ್ಬೇಡಿ. ಇನ್ನೊಬ್ಬರ ಬ್ರಾಂಡ್ ಹೆಸರು ಹಿಡ್ಕೊಂಡು ಕೂತ್ಕೋಬೇಡಿ, ಯುಡಿಆರ್‌ಪಿ ಅಂತ ಒಂದು ದೂರಿನ ವ್ಯವಸ್ಥೆ ಇದೆ, ಅಲ್ಲಿ ಅವರು ಗೆದ್ರೆ ಡೊಮೇನ್ ಹೋಗುತ್ತೆ, ಒಂದು ರೂಪಾಯೀನೂ ಸಿಗಲ್ಲ. ಹಾಂ, ಡೊಮೇನ್‌ಗೆ ಮತ್ತೆ ದುಡ್ಡು ಕಟ್ಟೋ ರಿನ್ಯೂವಲ್ ಡೇಟ್ ಕ್ಯಾಲೆಂಡರಲ್ಲಿ ಬರ್ಕೊಳ್ಳಿ. ನಮಸ್ಕಾರ.