ಕನ್ನಡಿಯಲ್ಲಿ ನಿಮ್ಮ ಕಾರು ಕಾಣಬೇಕಾಗಿಲ್ಲ

ಪ್ರಾಧ್ಯಾಪಕರೇ, ಉಗುರಿನ ಸಂದಿಯ ಗ್ರೀಸನ್ನೂ ತೊಳೆಯದೆ ಬಂದು ಕೂತಿರುವ ಫಾರ್ಮುಲಾ ಸ್ಟೂಡೆಂಟ್ ತಂಡದ ಗೆಳೆಯರೇ,

ವಿದ್ಯಾರ್ಥಿಗಳೇ ಕಟ್ಟಿದ ರೇಸ್ ಕಾರುಗಳ ಸ್ಪರ್ಧೆಗೆ ನೀವು ಸಿದ್ಧಪಡಿಸುತ್ತಿರುವ ಕಾರನ್ನು ಬೆಳಿಗ್ಗೆ ವರ್ಕ್‌ಶಾಪ್‌ನಲ್ಲಿ ನೋಡಿದೆ. ಚಾಸಿಗೆ ಲೆಕ್ಕ ಇದೆ, ಸಸ್ಪೆನ್ಷನ್‌ಗೆ ಲೆಕ್ಕ ಇದೆ. ಕನ್ನಡಿ ಎಲ್ಲಪ್ಪಾ ಅಂದರೆ, “ಅದೆಲ್ಲ ಕೊನೆಗೆ ಸಾರ್” ಎಂದರು ಒಬ್ಬರು. ನನ್ನ ಇವತ್ತಿನ ಜಗಳವೆಲ್ಲ ಆ ಉತ್ತರದ ಜೊತೆಗೇ.

ನಿಮ್ಮ ನಿಯಮಾವಳಿಯಲ್ಲೇ ಬರೆದಿದೆ: ಚಾಲಕನಿಗೆ ಎಡಕ್ಕೆ 100, ಬಲಕ್ಕೆ 100, ಒಟ್ಟು 200 ಡಿಗ್ರಿ ಕಾಣಬೇಕು. ಕತ್ತು ತಿರುಗಿಸಿಯಾದರೂ ನೋಡಿ, ಕನ್ನಡಿ ಇಟ್ಟಾದರೂ ನೋಡಿ. ನೀವು ಕತ್ತನ್ನು ನಂಬಿದ್ದೀರಿ. ಟ್ರ್ಯಾಕ್‌ನಲ್ಲಿ ಸಾಕು. ಮನೆಯಲ್ಲಿ ಕಟ್ಟಿದ ಕಾರು ರಸ್ತೆಗೂ ಇಳಿಯುವ ದೇಶವೊಂದಿದೆ, ಅಲ್ಲಿ ಸಾಲದು.

ಇಂಗ್ಲೆಂಡಿನ ಲೋಟಸ್ ಸೆವೆನ್ ನಿಮಗೆಲ್ಲ ಗೊತ್ತಿರುವುದೇ. 1957ರಲ್ಲಿ ಕಾಲಿನ್ ಚಾಪ್‌ಮನ್ ತಂದದ್ದು. ಬಿಡಿಭಾಗಗಳಾಗಿ ಕೊಂಡರೆ ತೆರಿಗೆ ಉಳಿಯುತ್ತಿತ್ತು, ಆದರೆ ಜೋಡಿಸುವ ವಿವರಣೆ ಕೊಡುವಂತಿರಲಿಲ್ಲ. ಅದಕ್ಕೆ ಬಿಚ್ಚುವ ವಿವರಣೆ ಕೊಟ್ಟು, ಹಿಂದಿನಿಂದ ಮುಂದಕ್ಕೆ ಓದಿಕೊಳ್ಳಿ ಅನ್ನುತ್ತಿದ್ದರಂತೆ! ತೆರಿಗೆ ಇಲಾಖೆಗೆ ಚಳ್ಳೆಹಣ್ಣು ತಿನ್ನಿಸುವ ಕಲೆ ನಮ್ಮವರದ್ದು ಮಾತ್ರ ಅಲ್ಲ. 1973ರಿಂದ ಅದೇ ಕಾರು ಕೇಟರ್‌ಹ್ಯಾಮ್ ಹೆಸರಿನಲ್ಲಿ ಬರುತ್ತಿದೆ.

ಈ ಕಾರಿನಲ್ಲಿ ಚಾಲಕ ಕೂರುವುದು ಹಿಂದಿನ ಆಕ್ಸಲ್‌ಗೆ ಒತ್ತಿಕೊಂಡೇ. ನೆಲಕ್ಕೆ ಗೇಣು ಎತ್ತರದಲ್ಲಿ. ಪಕ್ಕದ ಲಾರಿಯ ಚಕ್ರಕ್ಕೂ ಕಣ್ಣಿಗೂ ಸಮ. ಮಳೆಗೆ ಬಟ್ಟೆಯ ಹುಡ್ ಏರಿಸಿದರೆ ಹಿಂದೆ ಒಂದಿಷ್ಟು ಪ್ಲಾಸ್ಟಿಕ್ ಕಿಟಕಿ, ಅಷ್ಟೇ. ‘ಭುಜದ ಮೇಲಿಂದ ಒಮ್ಮೆ ತಿರುಗಿ ನೋಡು’ ಅನ್ನುವುದು ಡ್ರೈವಿಂಗ್ ಸ್ಕೂಲಿನ ಪಾಠ. ನಾಲ್ಕು ಕಡೆ ಬಿಗಿದ ಬೆಲ್ಟಿನಲ್ಲಿ ಭುಜ ತಿರುಗುವುದಾದರೂ ಹೇಗೆ?

ನಾನು ಅಲ್ಲಿದ್ದಾಗ ಪಕ್ಕದ ಮನೆಯ ನಿವೃತ್ತರೊಬ್ಬರು ಗ್ಯಾರೇಜಿನಲ್ಲಿ ಸೆವೆನ್ ಕಟ್ಟುತ್ತಿದ್ದರು. ಬಾನೆಟ್ ಇಲ್ಲ, ಬಣ್ಣ ಇಲ್ಲ, ಆಗಲೇ ಕನ್ನಡಿಯ ಕೆಲಸ ಶುರು. ಕಾರನ್ನು ಅಂಗಳಕ್ಕೆ ತಳ್ಳಿ, ಬೆಲ್ಟ್ ಬಿಗಿದುಕೊಂಡು ಕೂತರು. ಹೆಂಡತಿ ಸೈಕಲ್ ಹತ್ತಿ ಹಿಂದಿನಿಂದ ನಿಧಾನವಾಗಿ ಬರಬೇಕು. ಕನ್ನಡಿಯಿಂದ ಮಾಯವಾದ ಕೂಡಲೇ ಯಜಮಾನರು “ಹೋದೆ!” ಅಂತ ಕೂಗುತ್ತಾರೆ, ನಾನು ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತೇನೆ. ಕಣ್ಣಂಚಿಗೆ ಸಿಕ್ಕಾಗ “ಬಂದೆ!”, ಇನ್ನೊಂದು ಗೆರೆ. ಆಕೆ ಹೇಳಿದ್ದು: “ಮದುವೆಯಾದಾಗಿನಿಂದ ನಾನು ಇವರ ಕಣ್ಣಿಗೆ ಬಿದ್ದಿಲ್ಲ, ಇವತ್ತು ಅದಕ್ಕೆ ನಕ್ಷೆ ತಯಾರಾಗುತ್ತಿದೆ.” ಬೀದಿಯವರೆಲ್ಲ ಚಹಾ ಹಿಡಿದುಕೊಂಡು ನೋಡಲು ಬಂದರು. ಎಡಗಡೆ, ಹಿಂಚಕ್ರದಿಂದ ಹಿಂದಕ್ಕೆ, ಒಂದು ಇಡೀ ಸೈಕಲ್ಲೇ ಆರಾಮಾಗಿ ಅಡಗುವಷ್ಟು ಜಾಗ ಖಾಲಿ. ಸೈಕಲ್ಲಿನವರು ಬರುವುದೂ ಆ ಕಡೆಯಿಂದಲೇ, ಅಲ್ಲೂ ಇಲ್ಲೂ.

ಆಮೇಲೆ ಅವರು ಮಾಡಿದ್ದು ಜಾರ್ಜ್ ಪ್ಲಾಟ್ಜರ್ ಎಂಬ ಎಂಜಿನಿಯರ್ 1995ರ ಪ್ರಬಂಧದಲ್ಲಿ ಹೇಳಿದ ವಿಧಾನ. ತಲೆಯನ್ನು ಬಲಬಾಗಿಲಿಗೆ ತಾಗಿಸಿ, ಬಲಗನ್ನಡಿಯಲ್ಲಿ ಕಾರಿನ ಪಕ್ಕೆ ಆಗಷ್ಟೇ ಕಾಣುವಂತೆ ಹೊರಕ್ಕೆ ತಿರುಗಿಸಿ. ತಲೆಯನ್ನು ಕಾರಿನ ನಡುವಿಗೆ ತಂದು ಎಡಗನ್ನಡಿಯನ್ನೂ ಹಾಗೇ ಮಾಡಿ. ನೆಟ್ಟಗೆ ಕೂತರೆ ನಿಮ್ಮ ಕಾರು ಕಾಣುವುದಿಲ್ಲ. ಕಾಣಬಾರದು! ಒಳಗನ್ನಡಿಯ ನೋಟ ಮುಗಿಯುವಲ್ಲಿ ಪಕ್ಕದ ಕನ್ನಡಿಯ ನೋಟ ಶುರುವಾಗಬೇಕು. ಕಷ್ಟಪಟ್ಟು ಕಟ್ಟಿದವರಿಗೆ ತಮ್ಮ ಕಾರನ್ನು ನೋಡುತ್ತಲೇ ಇರುವ ಆಸೆ, ಅದು ನನಗೂ ಅರ್ಥವಾಗುತ್ತದೆ. ಪಾರ್ಕ್ ಮಾಡಿದ ಮೇಲೆ ನೋಡಿಕೊಳ್ಳಿ. ಹುಡ್ ಏರಿಸಿದಾಗ ಮಾತ್ರ ಒಳಗನ್ನಡಿ ಕೈಕೊಡುತ್ತದೆ, ಆಗ ಪಕ್ಕದವನ್ನು ಸ್ವಲ್ಪ ಒಳಕ್ಕೆ ತರಲೇಬೇಕು.

ಇನ್ನು ಎಲ್ಲಿ ಕೂರಿಸುವುದು? ಬಟ್ಟೆಯ ಬಾಗಿಲಿಗೆ ಕೂರಿಸಿದರೆ ಗಾಳಿಗೆ ಪಟಪಟ, ಬೇಸಿಗೆಯಲ್ಲಿ ಬಾಗಿಲು ಕಳಚಿಟ್ಟರೆ ಕನ್ನಡಿಯೂ ಮನೆಯಲ್ಲೇ. ವಿಂಡ್‌ಸ್ಕ್ರೀನಿನ ಕಂಬಕ್ಕೆ ಕೂರಿಸುವುದೇ ಮೇಲು. ಆದರೆ ಹಿಂಚಕ್ರದ ಮಡ್‌ಗಾರ್ಡ್ ಹೊರಕ್ಕೆ ಚಾಚಿದೆ, ಅದನ್ನು ದಾಟಿ ನೋಡಲು ಉದ್ದದ ಕಡ್ಡಿ ಬೇಕು. ಕಡ್ಡಿ ಉದ್ದವಾದಷ್ಟೂ ನಡುಗುತ್ತದೆ. ಕ್ಯಾಂಟಿಲಿವರ್, ಅಂದರೆ ಒಂದೇ ತುದಿಯಲ್ಲಿ ಬಿಗಿದ ಕಡ್ಡಿಯ ಸೂತ್ರ, ಪರೀಕ್ಷೆಗೆ ಮಾತ್ರ ಅಂದುಕೊಂಡಿರಾ? ಉದ್ದ ಅರ್ಧ ಮಾಡಿ, ಬಿಗಿತ ಎಂಟು ಪಟ್ಟು. ವ್ಯಾಸ ಇಮ್ಮಡಿ ಮಾಡಿ, ಹದಿನಾರು ಪಟ್ಟು. ಕನ್ನಡಿ ಒಂದು ಡಿಗ್ರಿ ಅಲುಗಿದರೆ ನೋಟ ಎರಡು ಡಿಗ್ರಿ ಸರಿಯುತ್ತದೆ. 20 ಮೀಟರ್ ಹಿಂದೆ ಅದು 70 ಸೆಂಟಿಮೀಟರ್, ಒಂದು ಬೈಕು ಚೌಕಟ್ಟಿನಿಂದ ಹೊರಬೀಳುವಷ್ಟು. 1911ರ ಇಂಡಿಯಾನಾಪೊಲಿಸ್ ರೇಸನ್ನು ಕನ್ನಡಿ ಕಟ್ಟಿಕೊಂಡು ಗೆದ್ದ ರೇ ಹ್ಯಾರೌನ್, ಇಟ್ಟಿಗೆ ಹಾಸಿನ ಕುಲುಕಾಟಕ್ಕೆ ಅದರಲ್ಲಿ ಏನೂ ಕಾಣಲಿಲ್ಲ ಎಂದು ಆಮೇಲೆ ಒಪ್ಪಿಕೊಂಡರು!

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಬೇಗ ಮುಗಿಸುತ್ತೇನೆ.

ಪೀನ ದರ್ಪಣ, ಅಂದರೆ ಹೊರಕ್ಕೆ ಉಬ್ಬಿದ ಕನ್ನಡಿ. ವಿಶ್ವಸಂಸ್ಥೆಯ 46ನೇ ನಿಯಮದ ಪ್ರಕಾರ ಕಾರಿನ ಪಕ್ಕದ ಕನ್ನಡಿಯ ವಕ್ರತೆಯ ತ್ರಿಜ್ಯ 1200 ಮಿಲಿಮೀಟರಿಗಿಂತ ಕಡಿಮೆ ಇರಬಾರದು. 10 ಸೆಂಟಿಮೀಟರ್ ಅಗಲದ ಸಮತಲ ಕನ್ನಡಿ ಕಣ್ಣಿನಿಂದ 60 ಸೆಂಟಿಮೀಟರ್ ದೂರವಿದ್ದರೆ ಸುಮಾರು ಒಂಬತ್ತೂವರೆ ಡಿಗ್ರಿ ತೋರಿಸುತ್ತದೆ. ಅದೇ ಅಳತೆಯ, 1200ರ ಪೀನ ಕನ್ನಡಿ ಅದರ ಎರಡರಷ್ಟು. ಬದಲಿಗೆ ಹಿಂದಿನ ಬೈಕು ಅರ್ಧ ಗಾತ್ರಕ್ಕೆ ಇಳಿಯುತ್ತದೆ, 20 ಮೀಟರಿನದು 40ರಲ್ಲಿದ್ದಂತೆ. ಈ ಲೆಕ್ಕ ಮನೆಯಲ್ಲಿ ಮಾಡಿ ನೋಡಿ. ಅಮೆರಿಕದಲ್ಲಿ ಚಾಲಕನ ಕಡೆ ಸಮತಲವೇ ಕಡ್ಡಾಯ. ಗಣಿತಜ್ಞ ಆಂಡ್ರ್ಯೂ ಹಿಕ್ಸ್ ಹೆಚ್ಚು ವಿಕಾರವಿಲ್ಲದೆ 45 ಡಿಗ್ರಿ ತೋರಿಸುವ ಮೇಲ್ಮೈಗೆ 2012ರಲ್ಲಿ ಪೇಟೆಂಟ್ ಪಡೆದರು, ಅದಕ್ಕೇ ಒಂದು ಉಪನ್ಯಾಸ ಬೇಕು, ಬಿಡಿ.

ಚೀಟಿಯೊಂದು ಬಂದಿದೆ: “ಕ್ಯಾಮೆರಾ ಹಾಕಬಾರದೇ ಸಾರ್?” ಹಾಕಿ. ಲೆನ್ಸಿಗೆ ಕೆಸರು ಹಾರಿದಾಗ, ಸ್ಕ್ರೀನಿನ ಮೇಲೆ ಬಿಸಿಲು ಬಿದ್ದಾಗ ಏನು ಮಾಡುತ್ತೀರಿ ಎಂದು ಮೊದಲು ಬರೆದಿಟ್ಟುಕೊಳ್ಳಿ. ಎರಡನೇ ಚೀಟಿ, ಅಂಗಡಿಯಲ್ಲಿ ಸಿಗುವ ಅಂಟಿಸುವ ಪುಟ್ಟ ಗುಂಡು ಕನ್ನಡಿ. ಹೊರ ಅಂಚಿಗೆ, ಕೆಳಮೂಲೆಯಲ್ಲಿ ಅಂಟಿಸಿ. ಯಾರಾದರೂ ಇದ್ದಾರೆಯೇ ಎಂದು ತಿಳಿಯಲು ಅದು, ಎಷ್ಟು ದೂರದಲ್ಲಿದ್ದಾರೆ ಎಂದು ತಿಳಿಯಲು ದೊಡ್ಡದು. ಮೂರನೆಯದರ ಅಕ್ಷರ ಓದಲಾಗುತ್ತಿಲ್ಲ, ಬರೆದವರು ಎದ್ದು ನಿಂತು ಕೇಳಿ.